ಕೊರೆದು ನೋಡಿದಷ್ಟು

ಫೆಬ್ರವರಿ. ಔಲು ಊರಿನ ಆಸ್ಪತ್ರೆ. ಎಂಟೂಕಾಲಾದರೂ
ಕಿಟಕಿಯಾಚೆ ಕತ್ತಲು ಕದಲಿಲ್ಲ.
ಮಾರೆತ್ ಎಡತೋಳು ಚಾಚಿದಳು.
ಹೈಲುವೊಟೊ ದ್ವೀಪದಿಂದ, ಹೆಪ್ಪುಗಟ್ಟಿದ ಕಡಲ ಮೇಲೆ
ಒಬ್ಬಳೇ ಕಾರು ಓಡಿಸಿಕೊಂಡು ಬಂದವಳು.
ಬಸಿರು: ಹತ್ತು ವಾರ ನಾಲ್ಕು ದಿನ.
ನರ ಬೇಗ ಸಿಗಲಿಲ್ಲ.
"ಚಳಿಗೆ ಒಳಗೆ ಹೋಗಿ ಕೂತಿವೆ" ಎಂದಳು,
ನನ್ನನ್ನೇ ಸಮಾಧಾನ ಮಾಡುವವಳ ಹಾಗೆ.

ಯಂತ್ರ ಗಿರಗಿರ ತಿರುಗಿ ನಿಂತಾಗ
ಕೆಂಪು ತಳಕ್ಕಿಳಿದಿತ್ತು,
ಮೇಲೆ ಒಣಹುಲ್ಲಿನ ಬಣ್ಣದ ತಿಳಿ.
ಅದರೊಳಗೊಂದು ಪ್ರೋಟೀನು: ಅಂಗೈಯಗಲವೂ ಬೆಳೆಯದ ಮಾಸು
ತಾಯ ನೆತ್ತರಿಗೆ ಸೇರಿಸಿ ಕಳಿಸಿದ್ದು.
ಇರಬೇಕಾದ್ದು ಒಂದರ ಆಸುಪಾಸು.
ಬಂದದ್ದು ಸೊನ್ನೆ ಪಾಯಿಂಟು ಮೂರೊಂದು.
ಇನ್ನೊಮ್ಮೆ ಹಾಕಿದೆ. ಮೂರೊಂದೇ.

ಡಾಕ್ಟರು ಕರೆಸಿ ಹೇಳಿದರು:
ಮಗು ಸಣ್ಣದಾಗಬಹುದು,
ದಿನ ತುಂಬುವ ಮೊದಲೇ ಬರಬಹುದು,
ನಿಮ್ಮ ರಕ್ತದೊತ್ತಡ ಏರಬಹುದು,
ಏನೂ ಆಗದೆಯೂ ಇರಬಹುದು.

ಮಾರೆತ್ ಕೈಗವಸನ್ನು ಒಳಹೊರಗು ಮಾಡುತ್ತ ಕೂತಿದ್ದಳು.
"ಮಂಜಿನ ರಸ್ತೆ ಅಳೆಯುವುದು ನನ್ನ ಕೆಲಸ" ಎಂದಳು ಕೊನೆಗೆ.
"ಅಲ್ಲೊಂದು ಇಲ್ಲೊಂದು ತೂತು ಕೊರೆದು,
ದಪ್ಪ ನೋಡಿ, ಹಲಗೆಯ ಮೇಲೆ ಬರೆದು ನಿಲ್ಲಿಸುತ್ತೇನೆ:
ಇಷ್ಟು ಭಾರ, ಇದಕ್ಕಿಂತ ಹೆಚ್ಚಿಲ್ಲ.
ಕೊರೆದ ಜಾಗ ನನಗೆ ಗೊತ್ತು.
ಎರಡು ತೂತುಗಳ ನಡುವೆ
ಎಲ್ಲರ ಹಾಗೆ ನಾನೂ
ಬೆಲ್ಟು ಬಿಚ್ಚಿಟ್ಟೇ ಓಡಿಸುವುದು,
ಒಡೆದರೆ ಹಾರಿಕೊಳ್ಳಲಿಕ್ಕೆ.
ಈ ಸಲ ಹಾರುವುದು ಎಲ್ಲಿಗೆ?"

ರಾತ್ರಿಗೊಂದು ಆಸ್ಪಿರಿನ್ ಬರೆದುಕೊಟ್ಟರು.

ಏಪ್ರಿಲಿನಲ್ಲಿ ರಸ್ತೆ ನೀರಾಯಿತು.
ಹಡಗು ಹತ್ತಿ ಬರತೊಡಗಿದಳು, ಎರಡು ವಾರಕ್ಕೊಮ್ಮೆ,
ಗಂಡ ಇಲ್ಪೊ ಹಿಂದೆಯೇ, ಬುತ್ತಿಯ ಚೀಲ ಹಿಡಿದು.
ಟೇಪು ಹಿಡಿದರೆ ಹೊಟ್ಟೆ ತಿಂಗಳಿಗಿಂತ ಹಿಂದೆ.
ಅದೇ ವಾರ ಅದೇ ಸಂಖ್ಯೆ ಬಂದಿದ್ದ ರೈಯಾ ಎಂಬಾಕೆ
ಆಗಸ್ಟಿನಲ್ಲಿ ಮೂರೂಮುಕ್ಕಾಲು ಕಿಲೋದ ಗಂಡು ಹೆತ್ತು
ಮೂರನೇ ದಿನ ಮನೆಗೆ ಹೋದಳು.
ಈ ಮಾತನ್ನು ಮಾರೆತ್‌ಗೆ ನಾನು ಹೇಳಿಲ್ಲ.

ಅವಳಿಗೆ ಜುಲೈ ಕೊನೆಯಲ್ಲೇ ನೋವು ಬಂತು. ಹೆಣ್ಣು.
ಸಾವಿರದ ಒಂಬೈನೂರ ಮೂವತ್ತು ಗ್ರಾಂ.
ಮೊದಲ ರಾತ್ರಿ, ಮುಳುಗಿಯೂ ಮುಳುಗದ ಬೆಳಕಿನಲ್ಲಿ,
ಸಕ್ಕರೆ ನೋಡಲು ಹಿಮ್ಮಡಿ ಚುಚ್ಚಿದ್ದು ನಾನೇ.
ನನ್ನ ಹೆಬ್ಬೆರಳಿಗಿಂತ ಒಂದಿಷ್ಟೇ ಉದ್ದದ ಪಾದ.
ಅತ್ತಿತು. ಅಷ್ಟು ಚಿಕ್ಕ ಬಾಯಿಗೆ ಅಷ್ಟು ದೊಡ್ಡ ಸದ್ದು!

ಸಕ್ಕರೆ ಎಷ್ಟೆಂದು ಮಾರೆತ್ ಕೇಳಲಿಲ್ಲ.
"ಸೂಜಿ ಎಷ್ಟು ಆಳ ಹೋಯಿತು?"
ಒಂದು ಮಿಲಿಮೀಟರು, ಸ್ವಲ್ಪ ಚಿಲ್ಲರೆ, ಎಂದೆ.
ತಲೆಯಾಡಿಸಿದಳು,
ಕಸುಬು ಬಲ್ಲವಳು ಕಸುಬಿನವಳಿಗೆ ಆಡಿಸುವಂತೆ.

ಆ ಹಳದಿ ತಿಳಿಯ ಉಳಿಕೆ
ಶೀತಕಪಾಟಿನಲ್ಲಿದೆ, ಮೇಲಿನಿಂದ ನಾಲ್ಕನೇ ಅರೆ.
ಯಾರಾದರೂ ಮುಂದೆಂದೋ ತೆಗೆದು ಮತ್ತೆ ಕೊರೆದಾರು.

ಹದಿನೆಂಟನೇ ದಿನ ಬಿಡುಗಡೆ.
ನಾನು ಮೆಟ್ಟಿಲ ಬಳಿ ಕಾಫಿ ಹಿಡಿದು ನಿಂತಿದ್ದೆ.
ಕೂಸಿನ ಕುರ್ಚಿಯ ಬೆಲ್ಟು ಹಾಕಿ,
ಎಳೆದು ನೋಡಿ,
ಬಿಚ್ಚಿ,
ಮತ್ತೆ ಹಾಕಿದಳು.