ಅರ್ಧ ನೂಲು

ಪೆನ್ಷನ್ ಮೊಹಲ್ಲಾದ ಗುಜರಿಯಲ್ಲಿ ಇದು ನಾಲ್ಕನೇ ಶನಿವಾರ.
ಅಂಬಾಸಿಡರಿನದು ಕೂರಲಿಲ್ಲ,
ಜೀಪಿನದಕ್ಕೆ ಬೋಲ್ಟಿನ ತೂತು ಅಡ್ಡ,
ಮೈಸೂರಿನಿಂದ ತರಿಸಿದ್ದು ಹೊಳೆಯಿತು, ಅಷ್ಟೇ.

ಹೆರಾಲ್ಡ್ ಕಾರು ಕಂಡರೆ ಜನ
ನಿಂತು ಫೋಟೊ ಹಿಡಿಯುತ್ತಾರೆ;
ತಳ್ಳಲು ಬರುವವರು ಇಬ್ಬರೇ.

ಇನಾಸ್ ಮೇಸ್ತ್ರಿ ಗೋಣಿಯೊಳಗೆ ಕೈಬಿಟ್ಟು
ನೋಡದೆಯೇ ತಡವಿ ತೆಗೆದ
ಯಾವುದೋ ಟ್ರಾಕ್ಟರಿನ ಪಂಪು.
ಮೈಯೆಲ್ಲ ಜಿಡ್ಡು,
ಗಾಜಿನ ಬಟ್ಟಲಿಗೆ ಮಾತ್ರ ಬಿರುಕಿಲ್ಲ.
‘ತೋಳು ಅರ್ಧ ನೂಲು ಜಾಸ್ತಿ.
ಉದ್ದಕ್ಕೆ ಮದ್ದುಂಟು ಮೇಡಂ, ಗಿಡ್ಡಕ್ಕಿಲ್ಲ.’

ಪ್ಯಾಕಿಂಗಿಗೆ ದಪ್ಪ ರಟ್ಟು ಬೇಕಿತ್ತು.
ನನ್ನ ಡ್ರೈವಿಂಗ್ ಸ್ಕೂಲಿನ ಹಳೇ ಎಲ್ ಬೋರ್ಡು ಕೊಟ್ಟೆ.
ಪಂಪಿನ ಬಾಯಿಗೆ ಇಟ್ಟು
ಸುತ್ತಿಗೆಯಲ್ಲಿ ಅಂಚು ಕುಟ್ಟಿ ಕುಟ್ಟಿ
ಕೆಂಪಕ್ಷರದ ಕಾಲು ಕತ್ತರಿಸಿದ.

ಬಿಗಿದಾದ ಮೇಲೆ ಪುಟ್ಟ ಸನ್ನೆಯನ್ನು
ಬೆರಳಲ್ಲಿ ಒತ್ತಿದ, ಒತ್ತಿದ.
ಬಟ್ಟಲಿಗೆ ಮೊದಲು ಬಂದದ್ದು ಬರೀ ಗುಳ್ಳೆ.
ಆಮೇಲೆ ತಳದಿಂದ, ನಾಚುತ್ತ,
ತೆಳು ಕಿತ್ತಳೆ ಬಣ್ಣದ ಪೆಟ್ರೋಲು.
ಇಬ್ಬರೂ ಮಾತಾಡಲಿಲ್ಲ.

ಗೊರೂರು ರಸ್ತೆಯ ಏರಿನಲ್ಲಿ
ಒಮ್ಮೆ ಮುಗ್ಗರಿಸಿತು.
‘ಕ್ಲಚ್ಚು, ಕ್ಲಚ್ಚು!’ ಅಂದುಬಿಟ್ಟೆ.
ಸ್ಟಿಯರಿಂಗು ನನ್ನ ಕೈಯಲ್ಲೇ ಇತ್ತು,
ಪಕ್ಕದ ಸೀಟಿನಲ್ಲಿ
ಹಳೇ ಪಂಪು.