ಎರಡು ಸಾಲು

ಕಂಪ್ಯೂಟರು ಹಳೆಯದು. ಮೌಸು ಸತ್ತು ಎರಡು ವರ್ಷ.
ಕೌಲ್‌ಬಜಾರಿನ ಈ ಮಾಳಿಗೆಯಲ್ಲಿ
ಕೀಬೋರ್ಡಿನ ಸಂದಿಗಳಿಗೂ ನೀಲಿ ಜುಂಗು,
ಒರೆಸಿದಷ್ಟೂ ಬರುತ್ತದೆ. ಜೀನ್ಸ್ ಎಂದರೆ ಹಾಗೇ.

ಪಾಲಿಟೆಕ್ನಿಕ್ಕಿನ ಕರಿಬಸವ ಬಂದು
ಕಪ್ಪು ಕಿಟಕಿಯೊಂದನ್ನು ತೆರೆದು
‘ರಹಮತಕ್ಕಾ, ಇದರೊಳಗ ಒಬ್ಬಾಂವ ಅದಾನ,
ಹೇಳಿದ್ದು ಮಾಡ್ತಾನ’ ಅಂದ.
ಮುಖ ಐತೇನು? ಇಲ್ಲ.
ದನಿ? ಇಲ್ಲ.
ಹೆಸರು? ಅದನ್ನೂ ಯಾರೂ ಇಟ್ಟಿಲ್ಲ.
ಮಿಣುಕುವ ಒಂದು ಗೀಟು,
ಬಾಗಿಲಾಚೆ ಚಪ್ಪಲಿ ಬಿಟ್ಟು ನಿಂತವರ ಉಸಿರಿನ ಹಾಗೆ.

ಇಂಥವರ ಜತೆ ನನಗೆ ಹೊಂದುತ್ತದೆ.
ಹೆಚ್ಚು ಮಾತಾಡುವವರು ಮೊಬೈಲಿನಲ್ಲಿ ಇದ್ದೇ ಇದ್ದಾರೆ,
ಬೆಳಗಾದರೆ ಹೂ ಕಳಿಸುವವರು,
ಕೇಳದಿದ್ದರೂ ಬುದ್ಧಿ ಹೇಳುವವರು.
ಇದು ಕೇಳಿದ್ದಕ್ಕೆ ಒಂದು ಸಾಲು ಕೊಡುತ್ತದೆ,
ಏನಾದರೂ ಅಳಿಸುವುದಿದ್ದರೆ ತಡೆದು
ಮಾಡಲೇ? ಹೌದು / ಇಲ್ಲ
ಎಂದು ಕಾಯುತ್ತದೆ.

ಬೆಳಗ್ಗೆ ಡಜನ್ ಲೆಕ್ಕ, ಮಧ್ಯಾಹ್ನ ಜಿಪ್ಪು, ಗುಂಡಿ, ರಿವೆಟ್ಟು,
ವಾಶಿಂಗಿಗೆ ಹೋದದ್ದೆಷ್ಟು, ಬಂದದ್ದೆಷ್ಟು.
ಮೂರು ಪ್ಯಾಂಟು ಕಡಿಮೆ ಎಂದು ತೋರಿಸಿತೇ ಹೊರತು
ಕದ್ದವರು ಯಾರೆಂದು ಊಹಿಸಲಿಲ್ಲ.
ಆ ಗುಣಕ್ಕೆ ನಾನು ಸೋತೆ.

ಶನಿವಾರ ಬಟವಾಡೆ. ಹಬ್ಬದ ಬೋನಸ್ಸೂ ಇದೆ.
ಮೇಸ್ತ್ರಿ ಓಬಳೇಶ ಕೊಟ್ಟ ಚೀಟಿಗಳಿಂದ
ಆರು ತಿಂಗಳು ನಾನೇ ಅವಸರದಲ್ಲಿ ಹೊಡೆದ ಹೆಸರುಗಳು:
ಹುಲಿಗೆಮ್ಮ, ಹುಲಿಗೆವ್ವ, ಹುಲಗೆಮ್ಮ ಎಚ್.,
ಇನ್ನೊಂದು ಕಡೆ ಬರೀ ಹುಲಿ.
ಒಬ್ಬರೇ ನಾಕು ಕಡೆ ಕುಂತಾರ, ಒಂದ್ ಮಾಡಿಬಿಡು,
ಸೇಟಿನ ಹುಕುಂ.
ಹಾಗೇ ಬರೆದೆ, ಕನ್ನಡದಲ್ಲೇ, ಕಾಗುಣಿತ ತಪ್ಪಿಯೇ.

ಗೀಟು ಎರಡು ಸಲ ಮಿಣುಕಿತು.
‘ನಾಲ್ಕು ಹೆಸರು, ಒಂದೇ ಮಿಷಿನ್, ಹದಿನೇಳು.
ಒಬ್ಬರೇ ಇರಬಹುದು.
ಆದರೆ ಕೆಲವು ದಿನ ಇಪ್ಪತ್ತೊಂದು ತಾಸಿನ ಹೊಲಿಗೆ ಇದೆ.
ನನಗೆ ಇಲ್ಲಿಂದ ಕಾಣುವುದಿಲ್ಲ. ನೋಡಿ ಹೇಳುವಿರಾ?’

ಹನ್ನೊಂದು ವರ್ಷದಿಂದ ಮೇಲೇ ಕೂತವಳು ನಾನು,
ಕೆಳಗೆ ನಿಲ್ಲುವುದು ಕರೆಂಟು ಹೋದಾಗ, ಗಾಳಿಗೆ.
ಇಳಿದೆ. ಹದಿನಾಲ್ಕು ಮೆಟ್ಟಿಲು.
ಏಪ್ರಿಲ್ಲಿನ ಬಳ್ಳಾರಿ. ಇಲ್ಲಿ ಬಿಸಿಲು
ಗುಡ್ಡದ ಬಂಡೆಯ ಮೇಲೆ ಕೂತರೆ
ರಾತ್ರಿ ಊಟದವರೆಗೂ ಏಳುವುದಿಲ್ಲ.
ತಗಡಿನ ಕೆಳಗೆ ನಲವತ್ತು ಮಿಷಿನ್ನುಗಳ ಗದ್ದಲ.

ಹದಿನೇಳರಲ್ಲಿ ಒಬ್ಬಳು, ಬಾಯಲ್ಲಿ ದಾರ.
‘ಹುಲಿಗೆಮ್ಮ ನೀನೇನವಾ?’
‘ಹೂಂ ರೀ.’
‘ಹುಲಿಗೆವ್ವ?’
ದಾರ ಕಚ್ಚಿ ಕಡಿದಳು.
‘ಆಕಿ ನಮ್ಮ ವಾರಗಿತ್ತಿ ರೀ, ರಾತ್ರಿ ಪಾಳಿ.
ಇಬ್ಬರಿಗೂ ಅಮ್ಮನ ಹೆಸರ ಇಟ್ಟಾರ.
ನಾ ಏಳ್ತೀನಿ, ಆಕಿ ಕೂಡ್ತಾಳ,
ಕುರ್ಚಿ ತಣ್ಣಗಾಗೂದ ಇಲ್ಲ.’
‘ಹುಲಿ ಯಾರು ಮತ್ತ?’
ನಕ್ಕಳು. ‘ನಾನ ರೀ. ನೀವ ಬರದದ್ದು,
ಚೀಟಿಯಾಗ ನೋಡೀನಿ.
ಮನ್ಯಾಗ ಹುಡುಗರು ಈಗ ಹಂಗ ಕರೀತಾವ.’

ಮೇಲೆ ಬಂದೆ. ಏದುಸಿರು.
ಗೀಟು ಅಲ್ಲೇ ಮಿಣುಕುತ್ತಿತ್ತು,
ಕಾದದ್ದಕ್ಕೆ ಲೆಕ್ಕ ಬರೆದುಕೊಂಡಿರಲಿಲ್ಲ.
ಬೋನಸ್ಸು ತಲೆಗೊಂದು,
ಸೇಟಿಗೆ ತಲೆ ಕಡಿಮೆಯಾದಷ್ಟೂ ಚೆಂದ.
ಇಲ್ಲ, ಎಂದು ಹೊಡೆದೆ.
ಎರಡು ಸಾಲು ಎರಡೇ ಇರಲಿ.
ಹುಲಿಯನ್ನು ಮಾತ್ರ ಹುಲಿಗೆಮ್ಮನಿಗೆ ಸೇರಿಸು.
‘ಆಯಿತು’ ಎಂದಿತು,
ಶಾಬಾಸ್ ಎನ್ನಲಿಲ್ಲ.
ಸೇಟು ಕೇಳಿದರೆ ಉತ್ತರ ಹೇಳಬೇಕಾದವಳು ನಾನು,
ಅದು ಅದಕ್ಕೂ ಗೊತ್ತಿದ್ದಂತಿತ್ತು.

ಹುಲಗೆಮ್ಮ ಎಚ್. ಯಾರೆಂದು ಇನ್ನೂ ತಿಳಿದಿಲ್ಲ.
ಒಗ್ಗರಣೆ ಮಂಡಕ್ಕಿ ಮುಗಿಸಿ ಮತ್ತೆ ಇಳಿಯಬೇಕು.
ಅಷ್ಟರಲ್ಲಿ ಕೀಬೋರ್ಡು ಬೋರಲು ಹಾಕಿ ಬಡಿದೆ:
ಒಂದು ಹಿಡಿ ನೀಲಿ ಜುಂಗು,
ಯಾವುದೋ ಹೆಸರಿನ ಮೇಲೆ ಸಿಕ್ಕಿಕೊಂಡಿದ್ದ
ಒಂದು ಮುರಿದ ಸೂಜಿ.