ಅಡ್ಡ ನಿಲ್ಲುವವಳು

ನಾಗಪಾಡಾದ ಸಿಮೆಂಟು ಕೋರ್ಟಿನಲ್ಲಿ ನನಗೆ
ಮೊದಲು ಕಲಿಸಿದ್ದು ಓಟವಲ್ಲ, ಎಸೆತವಲ್ಲ,
ನಿಲ್ಲುವುದು.
ಕಾಲು ಭುಜದಗಲ, ಮುಷ್ಟಿ ಎದೆಗೆ ಅಡ್ಡ,
ಉಸಿರು ಕೂಡ ಪಕ್ಕಕ್ಕೆ ಸರಿಯಬಾರದು.
‘ನಿಂತರೆ ಆಟ, ಅಲುಗಿದರೆ ಫೌಲು’
ಅನ್ನುತ್ತಿದ್ದರು ಮುಕಾದಮ್ ಸರ್,
ಸೀಟಿ ಕಚ್ಚಿದ ಹಲ್ಲಿನ ಸಂದಿಯಿಂದ.

ಐದಡಿ ಹನ್ನೊಂದಂಗುಲ ನಾನು. ಮಜಗಾಂವ್ ಹಡಗುಕಟ್ಟೆಯಲ್ಲಿ
ಬೆಸುಗೆ ಹಾಕುತ್ತಿದ್ದ ಅಪ್ಪನಿಗೆ ಖೋಲಿಯ ಚೌಕಟ್ಟಿನ ಚಿಂತೆ,
ಅವ್ವನಿಗೆ, ‘ಇಷ್ಟುದ್ದದ ಹುಡುಗಿಗೆ ಗಂಡು ಎಲ್ಲಿಂದ ತರೂದು?’
ಸರ್ ಮಾತ್ರ ಕೆಳಗಿಂದ ಮೇಲೆ ನೋಡಿ
‘ಗೋಡೆ ಸಿಕ್ಕಿತು’ ಎಂದರು.

ಗೋಡೆಯ ಮಗ್ಗುಲಲ್ಲಿ ಹಾಯುವವಳು ತಸ್ಕೀನ್.
ಐದಡಿಗೆ ಒಂದಂಗುಲ ಕಮ್ಮಿ, ಚೆಂಡು ಅವಳ ಅಂಗೈಗೆ
ಹೊಲಿದುಕೊಂಡ ಹಾಗೆ.
ಅವಳು ಎರಡು ಬೆರಳೆತ್ತಿದರೆ ನಾನು ಬರಬೇಕು,
ಅವಳನ್ನು ಕಾಯುವವಳ ಪಕ್ಕೆಗೆ ಬಂದು ನೆಡಬೇಕು.
ಅವಳು ನನಗೆ ಭುಜ ಒರೆಸಿಯೇ ಹಾಯಬೇಕು,
ನಡುವೆ ಲೋಕಲ್ಲಿನ ಟಿಕೀಟೂ ತೂರದಷ್ಟು ಹತ್ತಿರ.
ಬೆನ್ನಟ್ಟಿದವಳು ನನಗೆ ಬಡಿಯಬೇಕು.
ಆ ಏಟೇ ಸುದ್ದಿ.
ಏಟು ಬಿದ್ದ ಮೇಲೆ ತಿರುಗು.
ತಿರುಗು, ಆದರೆ ಚೆಂಡಿಗೆ ಬೆನ್ನು ಹಾಕಬೇಡ.
ಬುಟ್ಟಿಯ ಕಡೆ ಓಡು, ಕೈ ತೆರೆದಿರಲಿ,
ಕೊಟ್ಟರೆ ಕೊಟ್ಟಾಳು.

ಬಹಳ ಸಲ ಕೊಡುತ್ತಿರಲಿಲ್ಲ.

ಒಂದು ನಿಲುವಿಗೆ ಎಷ್ಟು ಬಾಗಿಲು!
ಕೆಲವು ದಿನ ಒಳಗೆ ನುಗ್ಗದೆ ಹಿಂದಕ್ಕೇ ಜಾರಿ
ಮೂರಂಕದ ಗೆರೆಯಾಚೆ, ಯಾರ ಲೆಕ್ಕಕ್ಕೂ ಸಿಗದ ಜಾಗದಲ್ಲಿ
ಬೆವರೊರೆಸಿಕೊಳ್ಳುತ್ತ ಕಾದಿದ್ದೇನೆ.
ಕೆಲವು ದಿನ ನಿಲ್ಲಲು ಬಂದವಳು ನಿಲ್ಲದೆ,
ಯಾರನ್ನೂ ಮುಟ್ಟದೆ, ಒಳಗೆ ನುಸುಳಿ ಹೋಗಿದ್ದೇನೆ,
ಸಾಲ ಕೇಳಲು ಬಂದ ಸೋದರಮಾವ
ಚಹಾ ಕುಡಿದು ಸುಮ್ಮನೆ ಎದ್ದು ಹೋದ ಹಾಗೆ.
ತಸ್ಕೀನಳೂ ಕಡಿಮೆಯವಳಲ್ಲ:
ಬೆರಳೆತ್ತಿ ಕರೆದು, ಬಲಕ್ಕೆ ಗೋಡೆ ಕಟ್ಟಿಸಿ,
ಎಡಕ್ಕೆ ಹಾರಿಬಿಡುವಳು.
ಅದೂ ನನ್ನದೇ ಕೆಲಸವೆಂದು ಒಪ್ಪಲು
ಎರಡು ವರ್ಷ ಬೇಕಾಯಿತು.

ಒಮ್ಮೆ ನಾನು ತಿರುಗಿ ಓಡುವಾಗ, ನನ್ನನ್ನು ಕಾಯುವವಳ ಬೆನ್ನಿಗೆ
ಪರ್ಪೆಚುವಾ ಬಂದು ನಿಂತಳು.
ಗೋಡೆಗೂ ಒಂದು ಗೋಡೆ!
ಬುಟ್ಟಿಯ ಕೆಳಗೆ ನಾನೊಬ್ಬಳೇ. ಸುಲಭದ ಎರಡು ಅಂಕ.
ಓಡುತ್ತ ಹಿಂದೆ ಬರುವಾಗ ಯಾಕೋ ಗಂಟಲು ಕಟ್ಟಿತ್ತು.

ಆಮೇಲೆ ಆ ಫೈನಲ್ಲು. ಒಂದು ಅಂಕ ಹಿಂದೆ, ಏಳು ಸೆಕೆಂಡು.
ಗ್ಯಾಲರಿಯಲ್ಲಿ ಕಬಾಬಿನ ಹೊಗೆ, ಬಾಲ್ಕನಿಯ ತುಂಬ ಮುದುಕರು.
ನಾನು ನಿಂತೆ. ಏಟು ಬಿತ್ತು. ತಿರುಗಿದೆ.
ಅವರು ಇಬ್ಬರೂ ತಸ್ಕೀನಳ ಮೇಲೆಯೇ ಬಿದ್ದರು;
ನಾಲ್ಕು ತೋಳುಗಳ ಮೇಲಿಂದ
ಚೆಂಡು ನಿಂಬೆಯ ಹಾಗೆ ಹಳದಿಯಾಗಿ ಬಂದು
ನನ್ನ ಕೈಯಲ್ಲಿ ಕೂತಿತು.

ಮುಂದೆ ನಾವು ನಾಲ್ವರು, ಅವರು ಮೂವರು.
ಮೂಲೆಯಲ್ಲಿ ಪರ್ಪೆಚುವಾ ಕೈಯೆತ್ತಿದ್ದಾಳೆ.
ಬುಟ್ಟಿಗೆ ಎರಡೇ ಹೆಜ್ಜೆ.
ಇಡೀ ನಾಗಪಾಡಾ ನನ್ನನ್ನು ನೋಡುತ್ತಿದೆ,
ಮೊದಲ ಸಲ, ನನ್ನನ್ನೇ.

ನಾನು ನಿಂತೆ.
ಕಾಲು ಭುಜದಗಲ, ಚೆಂಡು ಎದೆಗೆ ಅಡ್ಡ.
ಭೋಂಗಾ ಕೂಗಿತು.

ಸರ್ ಸೀಟಿಯ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಸುತ್ತಿದರು.
ತಸ್ಕೀನ್ ಏನೂ ಅನ್ನಲಿಲ್ಲ. ನನ್ನ ಚೀಲವನ್ನೂ ಎತ್ತಿಕೊಂಡಳು.
ಭಾಯಖಳದ ಸೇತುವೆಯಲ್ಲಿ ಎಂಟೂಕಾಲರ ಜನ
ಎದುರಿಂದ ಒಟ್ಟಿಗೆ ಇಳಿಯುತ್ತಿತ್ತು.
ಅವಳು ನನ್ನ ಮುಂದೆ ಬಂದು ಭುಜ ಅಡ್ಡ ಕೊಟ್ಟಳು,
ಎಡಕ್ಕೆ ಸರಿದು ಒಬ್ಬನನ್ನು, ಬಲಕ್ಕೆ ಸರಿದು ಒಬ್ಬಳನ್ನು ತಡೆಯುತ್ತ,
ಪ್ರತಿ ಹೆಜ್ಜೆಗೂ ಫೌಲು.

ನಾನು ಅವಳಿಗೆ ಒರೆಸಿಕೊಂಡೇ ಹಾದೆ.
ಅವಳ ಭುಜ ನನ್ನ ಮೊಣಕೈಗೆ ಬರುತ್ತಿತ್ತು.